ಬೂದಿಯ ಲೆಕ್ಕ

ನಮ್ಮ ಕೂಟದ ಹಿರಿಯರೊಬ್ಬರು ತೀರಿಕೊಂಡ ಮರುದಿನ ಅವರ ಮಗ ಫ್ಯೂನರಲ್ ಹೋಮ್‌ನ ದರಪಟ್ಟಿ ಹಿಡಿದು ನನ್ನ ಮನೆಗೆ ಬಂದ. ‘ಅಂಕಲ್, ಇದರಲ್ಲಿ ಯಾವುದು ಕಡ್ಡಾಯ, ಯಾವುದು ಅಲ್ಲ, ಸ್ವಲ್ಪ ನೋಡಿ’ ಎಂದ. ಶವಕ್ಕೆ ರಾಸಾಯನಿಕ ತುಂಬುವ ಎಂಬಾಮಿಂಗ್, ದರ್ಶನಕ್ಕೆ ಹಾಲ್ ಬಾಡಿಗೆ, ಬೆಂಕಿಗೆ ಹಾಕುವುದಕ್ಕೆಂದೇ ಪಾಲಿಶ್ ಮಾಡಿದ ಮರದ ಪೆಟ್ಟಿಗೆ. ವರ್ಷಗಟ್ಟಲೆ ಆಡಿಟ್ ಮಾಡಿದವನೂ ಕನ್ನಡಕ ಒರೆಸಿಕೊಂಡು ಎರಡು ಸಲ ಓದಬೇಕಾಯಿತು. ಪಟ್ಟಿಯ ಒಂದು ಮೂಲೆಯಲ್ಲಿ, ಉಳಿದ ಮೊತ್ತಗಳ ಎದುರು ಸಣ್ಣದಾಗಿ ಕಾಣುವ ಇನ್ನೊಂದು ಸಾಲಿತ್ತು: ಡೈರೆಕ್ಟ್ ಕ್ರಿಮೇಷನ್. ಶವದರ್ಶನವಿಲ್ಲ, ಶವದೆದುರು ಸಮಾರಂಭವಿಲ್ಲ. ಒಯ್ದು, ಕಾಗದಪತ್ರ ಮುಗಿಸಿ, ಸುಟ್ಟು, ಬೂದಿ ಕೊಡುತ್ತಾರೆ.

ಆ ಸಾಲು ಸುಮ್ಮನೆ ಬಂದದ್ದಲ್ಲ. ಅಮೆರಿಕದ ಮೊದಲ ಆಧುನಿಕ ಚಿತಾಗಾರವನ್ನು ಕಟ್ಟಿಸಿದವರು ಪೆನ್ಸಿಲ್ವೇನಿಯಾದ ವಾಷಿಂಗ್ಟನ್ ಎಂಬ ಊರಿನ ವೈದ್ಯ, ಜೂಲಿಯಸ್ ಲೆಮಾಯ್ನ್. ಗುಲಾಮಗಿರಿಯ ವಿರುದ್ಧ ಹೋರಾಡಿದವರು. ಹೂತ ಹೆಣಗಳಿಂದ ಕುಡಿಯುವ ನೀರು ಕೆಡುತ್ತದೆ ಎಂದು ನಂಬಿ, ತಮ್ಮದೇ ಜಾಗದಲ್ಲಿ ಎರಡು ಕೋಣೆಯ ಇಟ್ಟಿಗೆ ಕಟ್ಟಡ ಎಬ್ಬಿಸಿದರು. 1876ರ ಡಿಸೆಂಬರ್ 6ರಂದು ಅಲ್ಲಿ ಮೊದಲು ದಹನವಾದದ್ದು ಬ್ಯಾರನ್ ಡಿ ಪಾಮ್ ಎಂಬಾತನ ದೇಹ. ಉಸ್ತುವಾರಿ ಕರ್ನಲ್ ಓಲ್ಕಾಟ್‌ರದು. ಹೌದು, ಮುಂದೆ ಮದರಾಸಿನ ಅಡ್ಯಾರಿನಲ್ಲಿ ನೆಲೆ ನಿಂತ ಥಿಯಾಸಾಫಿಸ್ಟ್ ಓಲ್ಕಾಟ್‌ರೇ. ಬ್ಯಾರನ್ ಸತ್ತದ್ದು ಮೇ ತಿಂಗಳಲ್ಲಿ; ಚಿತಾಗಾರ ಸಿದ್ಧವಾಗುವ ತನಕ ಹೆಣ ಕೆಡದಂತೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಸರಳ ದಹನದ ಚರಿತ್ರೆ ಎಂಬಾಮಿಂಗ್‌ನಿಂದಲೇ ಶುರುವಾದದ್ದು ವಿಚಿತ್ರ.

ಎಂಬಾಮಿಂಗ್ ಈ ದೇಶದಲ್ಲಿ ಬೇರೂರಿದ್ದು ಅಂತರ್ಯುದ್ಧದಲ್ಲಿ, ದೂರದ ರಣರಂಗದಿಂದ ಸೈನಿಕರ ದೇಹವನ್ನು ಮನೆಗೆ ಕಳಿಸಬೇಕಾದಾಗ. 1865ರಲ್ಲಿ ಲಿಂಕನ್ನರ ದೇಹ ರೈಲಿನಲ್ಲಿ ಊರೂರು ಸುತ್ತಿತು, ಜನ ಸಾಲುಗಟ್ಟಿ ನೋಡಿದರು. ಅಲ್ಲಿಂದ ಮುಂದೆ ದರ್ಶನವೇ ಸಂಪ್ರದಾಯ, ಸಂಪ್ರದಾಯವೇ ವ್ಯಾಪಾರ.

ಆ ವ್ಯಾಪಾರದ ಲೆಕ್ಕ ಬಿಚ್ಚಿದವರು ಲೇಖಕಿ ಜೆಸ್ಸಿಕಾ ಮಿಟ್‌ಫರ್ಡ್. ಅವರ ಪತಿ ಕಾರ್ಮಿಕ ಸಂಘಗಳ ವಕೀಲರು. ಸತ್ತ ಕೆಲಸಗಾರನ ಸಂಸಾರಕ್ಕೆಂದು ಬಂದ ಹಣ ನೇರವಾಗಿ ಶವಸಂಸ್ಕಾರದವರ ಕೈ ಸೇರುವುದನ್ನು ಅವರು ಕಣ್ಣಾರೆ ಕಂಡಿದ್ದರು. 1963ರಲ್ಲಿ ‘ದಿ ಅಮೆರಿಕನ್ ವೇ ಆಫ್ ಡೆತ್’ ಬಂತು. ಅದೇ ವರ್ಷ ಕ್ಯಾಥೊಲಿಕ್ ಚರ್ಚ್ ದಹನದ ಮೇಲಿನ ನಿಷೇಧ ಸಡಿಲಿಸಿತು. 1971ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಟೆಲೊಫೇಸ್ ಸೊಸೈಟಿ ನೇರ ದಹನವನ್ನಷ್ಟೇ ಮಾರಲು ಹೊರಟಿತು.

ಕೊನೆಗೆ 1984ರಲ್ಲಿ ಜಾರಿಗೆ ಬಂದದ್ದು ಫೆಡರಲ್ ಟ್ರೇಡ್ ಕಮಿಷನ್‌ನ ಫ್ಯೂನರಲ್ ರೂಲ್. ನನ್ನ ವೃತ್ತಿಯವರು ಕೈ ಮುಗಿಯಬೇಕಾದ ಕಾನೂನು: ಬಾಬ್ತುವಾರು ದರಪಟ್ಟಿ ಕೇಳಿದವರಿಗೆ ಕೊಡಲೇಬೇಕು, ಫೋನಿನಲ್ಲೂ ದರ ಹೇಳಬೇಕು, ನೇರ ದಹನಕ್ಕೆ ಮರದ ಪೆಟ್ಟಿಗೆ ಕಡ್ಡಾಯ ಎನ್ನುವಂತಿಲ್ಲ. ರಟ್ಟಿನದು ಸಾಕು.

2023ರಲ್ಲಿ ಈ ಉದ್ಯಮದವರೇ ಕೊಟ್ಟ ಅಂಕಿಯಂತೆ ದರ್ಶನ ಸಹಿತ ಸಮಾಧಿಯ ಮಧ್ಯಮ ದರ 8,300 ಡಾಲರ್. ದರ್ಶನ ಸಹಿತ ದಹನಕ್ಕೆ 6,280. ನೇರ ದಹನ ಸಾಮಾನ್ಯವಾಗಿ ಒಂದರಿಂದ ಮೂರು ಸಾವಿರದೊಳಗೆ ಮುಗಿಯುತ್ತದೆ, ಒಂದೇ ಊರಿನಲ್ಲಿ ಅಂಗಡಿಯಿಂದ ಅಂಗಡಿಗೆ ದುಪ್ಪಟ್ಟು ವ್ಯತ್ಯಾಸವಿದ್ದರೂ.

ನಮ್ಮವರಿಗೆ ತೊಡಕಾಗುವುದು ದುಡ್ಡಿನಲ್ಲಲ್ಲ. ಪಟ್ಟಿ ಓದಿ ಮುಗಿದ ಮೇಲೆ ಆ ಹುಡುಗ ಕೇಳಿದ್ದು ಒಂದೇ: ‘ನಾನು ಅಲ್ಲಿ ಇರೋ ಹಾಗಿಲ್ವಾ?’ ನೇರ ದಹನದ ಅರ್ಥವೇ ಅದು. ಯಾವ ಹೊತ್ತಿಗೆ ಸುಡುತ್ತಾರೋ ಮನೆಯವರಿಗೆ ತಿಳಿಯದೆಯೂ ಇರಬಹುದು. ನಮ್ಮಲ್ಲಿ ಕೊಳ್ಳಿ ಇಡುವವನಿಲ್ಲದ ಸಾವು ಶಾಪ. ವಿಚಾರಿಸಿದೆವು. ಇನ್ನೂ ಕೆಲವು ನೂರು ಡಾಲರ್ ಕೊಟ್ಟರೆ ಎದುರು ನಿಂತು ಗುಂಡಿ ಒತ್ತಬಹುದಂತೆ. ಪೆಟ್ಟಿಗೆ ರಟ್ಟಿನದೇ ಇರಲಿ, ಹಾಲ್ ಬೇಡ, ಎಂಬಾಮಿಂಗ್ ಬೇಡ, ಇದೊಂದು ಬೇಕು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದೆ.

ಅಸ್ಥಿಯನ್ನು ಅವನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಒಯ್ದ. ಲೋಹದ ಡಬ್ಬಿಯಾದರೆ ವಿಮಾನ ನಿಲ್ದಾಣದ ಎಕ್ಸ್‌ರೇ ಒಳಗಿರುವುದನ್ನು ತೋರಿಸುವುದಿಲ್ಲವೆಂದು, ಮರದ ಸಣ್ಣ ಪೆಟ್ಟಿಗೆಯೊಂದನ್ನು ನಾನೇ ಹುಡುಕಿ ತಂದುಕೊಟ್ಟೆ.