ಮೂರೇ ವರ್ಷದ ಟೂರ್ನಿ: ಬೆಂಗಳೂರು ಓಪನ್ 2006–2008

ಬೆಂಗಳೂರಿನ ಡಬ್ಲ್ಯುಟಿಎ ಮಹಿಳಾ ಟೆನಿಸ್ ಟೂರ್ನಿ ಬದುಕಿದ್ದು 2006ರಿಂದ 2008ರವರೆಗೆ. ಹೈದರಾಬಾದಿನದು 2003ರಿಂದ 2005, ಕೋಲ್ಕತ್ತದ ಸನ್‌ಫೀಸ್ಟ್ ಓಪನ್ 2005ರಿಂದ 2007. ಮೂರಕ್ಕೂ ಮೂರೇ ವರ್ಷ ಆಯಸ್ಸು. ಪ್ರೇಕ್ಷಕರಿಲ್ಲ, ಸೌಕರ್ಯವಿಲ್ಲ ಎಂಬ ರೂಢಿಯ ಉತ್ತರ ಇದನ್ನು ವಿವರಿಸಲಾರದು.

ಸೌಕರ್ಯದ ಮಾತು ಬೇಗ ಮುಗಿಯುತ್ತದೆ. ಕೋಲ್ಕತ್ತದವರು ಆಡಿಸಿದ್ದು ನೇತಾಜಿ ಒಳಾಂಗಣ ಕ್ರೀಡಾಂಗಣದಲ್ಲಿ. ಬೆಂಗಳೂರಿನವರು ಕಬ್ಬನ್ ಪಾರ್ಕಿನ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಬಯಲು ಅಂಕಣದಲ್ಲಿ. ಸೂರು ಇದ್ದದ್ದೂ ನಿಂತಿತು, ಇಲ್ಲದ್ದೂ ನಿಂತಿತು.

ಇನ್ನು ಆಟದ ಮಟ್ಟ. 2006ರಲ್ಲಿ ಮೂರನೇ ದರ್ಜೆಯಲ್ಲಿದ್ದ ಬೆಂಗಳೂರಿನ ಟೂರ್ನಿ 2008ರಲ್ಲಿ ಎರಡನೇ ದರ್ಜೆಗೆ ಏರಿತು. ಬಹುಮಾನದ ಮೊತ್ತ 6 ಲಕ್ಷ ಡಾಲರ್. ಆ ವರ್ಷ ಸಾನಿಯಾ ಮಿರ್ಜಾ ಆಡಲಿಲ್ಲ. ಆದರೆ ಸೆಮಿಫೈನಲ್‌ನಲ್ಲಿ ಎದುರಾದವರು ಸೆರೆನಾ ಮತ್ತು ವೀನಸ್ ವಿಲಿಯಮ್ಸ್. ಮೊದಲ ಸೆಟ್ ತಂಗಿಗೆ, ಎರಡನೆಯದು ಅಕ್ಕನಿಗೆ. ಮೂರನೆಯದರಲ್ಲಿ ಮ್ಯಾಚ್ ಪಾಯಿಂಟ್‌ನಿಂದ ಪಾರಾದ ಸೆರೆನಾ ಟೈಬ್ರೇಕ್‌ನಲ್ಲಿ ಗೆದ್ದರು. ಫೈನಲ್‌ನಲ್ಲಿ ಪ್ಯಾಟಿ ಶ್ನೈಡರ್ ಅವರನ್ನು 7–5, 6–3ರಿಂದ ಮಣಿಸಿದರು. ಇದಕ್ಕಿಂತ ದೊಡ್ಡ ಹೆಸರನ್ನು ಯಾವ ಸಂಘಟಕ ಕರೆತಂದಾನು? ಆದರೂ 2009ರಲ್ಲಿ ಡಬ್ಲ್ಯುಟಿಎ ಹಳೆಯ ದರ್ಜೆಗಳನ್ನು ಕೈಬಿಟ್ಟು ವೇಳಾಪಟ್ಟಿ ಬದಲಿಸಿದಾಗ ಅದರಲ್ಲಿ ಬೆಂಗಳೂರು ಇರಲಿಲ್ಲ.

ನಿಜವಾದ ಆಸ್ತಿ ಅಂಕಣವಲ್ಲ, ವೇಳಾಪಟ್ಟಿಯಲ್ಲಿನ ಒಂದು ವಾರದ ಹಕ್ಕು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಹೊನಲು ಬೆಳಕಿನ ಕಬಡ್ಡಿ ನಡೆಸಿದವರಿಗೆ ಇದರ ಅರ್ಧ ಗೊತ್ತಿರುತ್ತದೆ: ಬಹುಮಾನ ಕೊಡುವ ದಾನಿ ಹಿಂದೆ ಸರಿದರೆ ಪಂದ್ಯಾವಳಿಯೂ ಇಲ್ಲ. ಟೆನಿಸ್‌ನಲ್ಲಿ ಮಾತ್ರ ಆ ಹಕ್ಕು ಊರು ಬಿಟ್ಟು ಊರಿಗೆ ಹೋಗುತ್ತದೆ. ಚೆನ್ನೈ ಓಪನ್ 1997ರಿಂದ 2017ರವರೆಗೆ ಅಲ್ಲಿದ್ದು, 2018ರಲ್ಲಿ ಪುಣೆಗೆ ಹೋಯಿತು. ಎರಡು ದಶಕ ನೋಡಿದ ಪ್ರೇಕ್ಷಕರನ್ನು ಯಾರೂ ಕೇಳಲಿಲ್ಲ.

ಭದ್ರತೆಯ ಕಾರಣವನ್ನು ತಳ್ಳಿಹಾಕುವಂತಿಲ್ಲ. ಮುಂಬೈಯಲ್ಲಿ ಎರಡು ವರ್ಷ ನಡೆದಿದ್ದ ಪುರುಷರ ಕಿಂಗ್‌ಫಿಷರ್ ಓಪನ್ 2008ರಲ್ಲಿ ಬೆಂಗಳೂರಿಗೆ ಬರಬೇಕಿತ್ತು. ಜುಲೈ 25ರಂದು ನಗರದಲ್ಲಿ ನಡೆದ ಸರಣಿ ಸ್ಫೋಟಗಳ ನಂತರ ರದ್ದಾಯಿತು. ಆದರೆ ಹೈದರಾಬಾದಿನ ಟೂರ್ನಿ ನಿಂತದ್ದು ಅದಕ್ಕೂ ಮೂರು ವರ್ಷ ಮೊದಲು.

ಕಬ್ಬನ್ ಪಾರ್ಕಿನ ಅಂಕಣಗಳೇನೂ ಖಾಲಿ ಬೀಳಲಿಲ್ಲ. ಅಲ್ಲಿ ಈಗ ನಡೆಯುವುದು ಪುರುಷರ ಚಾಲೆಂಜರ್. ದರ್ಜೆ ಕೆಳಗಿನದು, ನಡೆಸುವ ಖರ್ಚೂ ಕಡಿಮೆ. 2017ರಲ್ಲಿ ಸುಮಿತ್ ನಗಾಲ್, 2018ರಲ್ಲಿ ಪ್ರಜ್ಞೇಶ್ ಗುಣೇಶ್ವರನ್ ಅದನ್ನು ಗೆದ್ದರು.