ರಕ್ತದ ಮುನ್ಸೂಚನೆ

2021ರ ಮೇ ತಿಂಗಳಲ್ಲಿ ಲ್ಯಾಬುಗಳ ಮುಂದೆ ನಿಂತ ಸರತಿಯನ್ನು ನಾವಿನ್ನೂ ಮರೆತಿಲ್ಲ. ಸಿಆರ್‌ಪಿ ಎಷ್ಟು, ಡಿ-ಡೈಮರ್ ಎಷ್ಟು ಎಂಬುದೇ ಮನೆಮನೆಯ ಮಾತು. ಆ ಸಿಆರ್‌ಪಿಗೆ ತೊಂಬತ್ತು ವರ್ಷಗಳ ಚರಿತ್ರೆಯಿದೆ.

1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್, ನ್ಯುಮೋನಿಯಾ ರೋಗಿಗಳ ರಕ್ತದ ಸೀರಮ್ಮಿಗೆ ಆ ರೋಗದ ಬ್ಯಾಕ್ಟೀರಿಯಾದಿಂದ ತೆಗೆದ ‘ಸಿ’ ಎಂಬ ಅಂಶವನ್ನು ಬೆರೆಸಿದರು. ಕಾಯಿಲೆ ಜೋರಾಗಿದ್ದಾಗ ಅದರಲ್ಲಿ ಗಸಿ ಕೂತಿತು. ರೋಗಿ ಚೇತರಿಸಿಕೊಂಡಂತೆ ಆ ಗುಣ ಮಾಯವಾಯಿತು. ಗಸಿಗೆ ಕಾರಣವಾದದ್ದು ಯಕೃತ್ತು ತಯಾರಿಸುವ ಒಂದು ಪ್ರೋಟೀನ್, ಇಂಟರ್‌ಲ್ಯೂಕಿನ್-6ರ ಸಂಕೇತ ಸಿಕ್ಕಾಗ ಅದು ರಕ್ತದಲ್ಲಿ ಉಕ್ಕುತ್ತದೆ ಎಂದು ತಿಳಿದದ್ದು ಬಹಳ ತಡವಾಗಿ. ಇದೇ ಫ್ರಾನ್ಸಿಸ್ 1940ರಲ್ಲಿ ಇನ್‌ಫ್ಲುಯೆಂಜಾ ಬಿ ವೈರಸ್ಸನ್ನು ಪ್ರತ್ಯೇಕಿಸಿದರೆಂಬುದು ಚರಿತ್ರೆಯ ಒಂದು ತಮಾಷೆ.

ಕೋವಿಡ್ ಬಂದಾಗ ಈ ಹಳೆಯ ಪ್ರೋಟೀನ್ ವೈದ್ಯರ ಕೈಗೆ ಮತ್ತೆ ಒದಗಿತು. ರಕ್ತದಲ್ಲಿ ಆಮ್ಲಜನಕ ಇಳಿದು, ಜೊತೆಗೆ ಸಿಆರ್‌ಪಿ ಲೀಟರಿಗೆ 75 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದವರಲ್ಲಿ ಟೊಸಿಲಿಜುಮಾಬ್ ಸಾವನ್ನು ತಗ್ಗಿಸುತ್ತದೆಂದು 2021ರ ಫೆಬ್ರವರಿಯಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ತೋರಿಸಿತು. ಈ ಔಷಧ ತಡೆಯುವುದೂ ಇಂಟರ್‌ಲ್ಯೂಕಿನ್-6ರ ಕೆಲಸವನ್ನೇ.

ಆಮ್ಲಜನಕದ ಮಾತನ್ನು ಬಿಟ್ಟು ಸಿಆರ್‌ಪಿಯ ಅಂಕಿಯನ್ನಷ್ಟೇ ಹಿಡಿದುಕೊಂಡದ್ದು ನಮ್ಮ ತಪ್ಪು. ಲಕ್ಷಣ ಸೌಮ್ಯವಾಗಿದ್ದು ಆಮ್ಲಜನಕ ಸರಿಯಿದ್ದರೆ ಈ ಪರೀಕ್ಷೆಗಳು ಬೇಕಿಲ್ಲ, ಅವು ಗಾಬರಿ ಹುಟ್ಟಿಸುತ್ತವೆ ಎಂದು ಆಗ ಏಮ್ಸ್ ನಿರ್ದೇಶಕರಾಗಿದ್ದ ರಣದೀಪ್ ಗುಲೇರಿಯಾ ಅದೇ ಮೇ ತಿಂಗಳಲ್ಲಿ ಎಚ್ಚರಿಸಿದ್ದರು. ಅಂಕಿ ಕಂಡು ಹೆದರಿದವರು ಸ್ಟೀರಾಯ್ಡ್ ನುಂಗಿದರು. ಆಮ್ಲಜನಕದ ಆಸರೆ ಬೇಕಿಲ್ಲದವರಿಗೆ ಡೆಕ್ಸಾಮೆಥಸೋನ್‌ನಿಂದ ಪ್ರಯೋಜನವಿಲ್ಲವೆಂದು ರಿಕವರಿ ಪ್ರಯೋಗವೇ 2020ರಲ್ಲಿ ಹೇಳಿಯಾಗಿತ್ತು.