ಬುರ್ರಕಥೆಗೆ ವೀರವೇಷ ಬಂದದ್ದು

ಬಳ್ಳಾರಿ ಸೀಮೆಯವನಾದ ನನಗೆ ಬುರ್ರಕಥೆ ಹೊಸದಲ್ಲ. ದರೋಜಿ ಈರಮ್ಮ ಕುಮಾರರಾಮನ ಕಥೆ ಹಾಡುತ್ತಿದ್ದ ನಾಡು ನಮ್ಮದು. ಕೆಲಸಕ್ಕೆಂದು ವಿಜಯವಾಡಕ್ಕೆ ಬಂದ ಮೇಲೆ ಕಂಡದ್ದು ಅದೇ ಕಲೆಯ ಇನ್ನೊಂದು ಮುಖ. ರುಮಾಲು ಸುತ್ತಿ, ನಿಲುವಂಗಿ ತೊಟ್ಟು, ಗೆಜ್ಜೆ ಕಟ್ಟಿದ ಕಥೆಗಾರ ಹೆಗಲ ಮೇಲೆ ತಂಬೂರಿ ಇಟ್ಟುಕೊಂಡು ಜನರತ್ತ ನುಗ್ಗಿ ಬರುತ್ತಾನೆ, ಹಿಂದೆ ಸರಿಯುತ್ತಾನೆ, ಮತ್ತೆ ನುಗ್ಗುತ್ತಾನೆ. ಅವನ ಹೆಬ್ಬೆರಳಲ್ಲೊಂದು ಪೊಳ್ಳು ಉಂಗುರ, ಅದರೊಳಗೆ ಸಣ್ಣ ಗುಂಡುಗಳು. ಇದಕ್ಕೆ ‘ಅಂದೆಲು’ ಎನ್ನುತ್ತಾರೆ. ಇನ್ನೊಂದು ಉಂಗುರವನ್ನು ಅದಕ್ಕೆ ತಾಗಿಸಿ ತಾಳ ಹಾಕುತ್ತಾನೆ. ಕಾಳಗದ ಪ್ರಸಂಗ ಬಂತೆಂದರೆ ಆ ಸದ್ದು ಕುದುರೆಯ ಗೊರಸಿನಂತೆ ಬಿರುಸಾಗುತ್ತದೆ.

ಮೂಲದಲ್ಲಿ ಇದು ಜಂಗಮ ಕಥೆ. ಶಿವನ ಕಥೆ ಹಾಡುತ್ತ ಊರೂರು ಅಲೆಯುತ್ತಿದ್ದ ದಂಪತಿಗಳ ಭಿಕ್ಷೆಯ ಹಾಡು. ವೀರಕಥೆಗಳಿಗಂತೂ ಈ ಕರಾವಳಿಯಲ್ಲಿ ಬರವಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ವಿಶಾಖಪಟ್ಟಣ ಜಿಲ್ಲೆಗೆ ಸೇರಿದ್ದ ಬೊಬ್ಬಿಲಿಯ ಕೋಟೆಯ ಮೇಲೆ 1757ರ ಜನವರಿ 24ರಂದು ಫ್ರೆಂಚ್ ಸೇನಾನಿ ಬುಸ್ಸಿ, ವಿಜಯನಗರಂ ರಾಜ ವಿಜಯರಾಮರಾಜನ ಜೊತೆಗೂಡಿ ಏರಿ ಬಂದ. ಒಳಗಿದ್ದ ಹೆಂಗಸರು, ಮಕ್ಕಳೂ ಸತ್ತರು. ಬೊಬ್ಬಿಲಿಯ ವೀರ ತಾಂಡ್ರ ಪಾಪಾರಾಯ ರಾತ್ರಿ ಡೇರೆಗೆ ನುಗ್ಗಿ ವಿಜಯರಾಮರಾಜನನ್ನು ಕೊಂದು ಸೇಡು ತೀರಿಸಿಕೊಂಡ. ಅದೇ ವಿಶಾಖಪಟ್ಟಣದ ಮನ್ಯದ ಕಾಡಿನಲ್ಲಿ 1922ರ ಆಗಸ್ಟಿನಲ್ಲಿ, ಬ್ರಿಟಿಷರ ವಿರುದ್ಧ ಬಂಡೆದ್ದ ಅಲ್ಲೂರಿ ಸೀತಾರಾಮರಾಜು ಚಿಂತಪಲ್ಲಿ ಪೊಲೀಸ್ ಠಾಣೆಯ ಬಂದೂಕುಗಳನ್ನು ಹೊತ್ತೊಯ್ದ. 1924ರ ಮೇ 7ರಂದು ಗುಂಡಿಗೆ ಬಲಿಯಾದ. ಎರಡೂ ಬುರ್ರಕಥೆಗಳಾದವು.

ಆದರೆ ಹಾಡುವವನೇ ಹೋರಾಟಗಾರನಾದದ್ದು 1940ರ ದಶಕದಲ್ಲಿ, ಆಗ ಬೆಜವಾಡ ಎನ್ನುತ್ತಿದ್ದ ಈ ಊರಿನ ಸುತ್ತಮುತ್ತ. 1943ರಲ್ಲಿ ಕಮ್ಯುನಿಸ್ಟರ ಕಲಾತಂಡ ಪ್ರಜಾನಾಟ್ಯ ಮಂಡಲಿ ಹುಟ್ಟಿತು. ಗುಂಟೂರು ಕಡೆಯ ಪೊನ್ನೆಕಲ್ಲಿನ ಬಡ ಮುಸ್ಲಿಂ ಮನೆಯ ಶೇಖ್ ನಾಜರ್ ಬುರ್ರಕಥೆಯಲ್ಲಿ ಅದರ ದೊಡ್ಡ ದನಿ. ಕಥೆಗಾರನ ಅಕ್ಕಪಕ್ಕ ಡಕ್ಕಿ ಬಾರಿಸುವ ಇಬ್ಬರು ‘ವಂತ’ರು ನಿಲ್ಲುತ್ತಾರೆ. ಒಬ್ಬನದು ಹಾಸ್ಯ. ಇನ್ನೊಬ್ಬನದು ರಾಜಕೀಯ. ಪಾಪಾರಾಯನ ಕತ್ತಿ ಇನ್ನೇನು ಬೀಸಬೇಕು ಎನ್ನುವಾಗ ರಾಜಕೀಯದ ವಂತ ಅಡ್ಡ ಬಾಯಿ ಹಾಕಿ ಗೇಣಿಯ ಮಾತೋ ಜಮೀನ್ದಾರನ ಮಾತೋ ಎತ್ತಬಹುದು. ಕೂಲಿಯವನಿಗೆ ಇನ್ನೂರು ವರ್ಷದ ಹಿಂದಿನ ಯುದ್ಧ ತನ್ನ ಹೊಲದ ಬದುವಿಗೇ ಬಂದು ನಿಂತಂತಾಗುತ್ತಿತ್ತು. ನನ್ನ ಲೆಕ್ಕದಲ್ಲಿ ಈ ಕಲೆಯ ನಿಜವಾದ ಆಯುಧ ಆ ಅಡ್ಡಮಾತು. ಮದ್ರಾಸ್ ಸರ್ಕಾರ ಬುರ್ರಕಥೆಯನ್ನು ನಿಷೇಧಿಸಿದ್ದು ಸುಮ್ಮನೆ ಅಲ್ಲ.

1986ರಲ್ಲಿ ನಾಜರ್ ಅವರಿಗೆ ಪದ್ಮಶ್ರೀ ಬಂತು. ಆ ಹೊತ್ತಿಗಾಗಲೇ ಸರ್ಕಾರಿ ಯೋಜನೆಗಳ ಪ್ರಚಾರಕ್ಕೂ ಬುರ್ರಕಥೆ ಬೇಕಾಗಿತ್ತು. ಕಲಾವಿದರ ಹೊಟ್ಟೆಪಾಡು ನಡೆಯಬೇಕಲ್ಲ, ಅದನ್ನು ತಪ್ಪೆನ್ನಲಾರೆ. ಆದರೆ ರಾಜಕೀಯದ ವಂತನ ಮಾತನ್ನು ಇಲಾಖೆಯವರು ಬರೆದುಕೊಟ್ಟರೆ ಅದನ್ನು ಬುರ್ರಕಥೆ ಎನ್ನಲು ನನಗೆ ಮನಸ್ಸು ಬಾರದು.